ಇಬ್ಬರು, ನಾಲ್ಕು ಗಾಲಿ, ಎರಡು ವೇಗ

ನಮ್ಮ ಮನೆಯವರು ಜಮಖಂಡಿ ಕಡೆಯವರು, ನಾನು ತೀರ್ಥಹಳ್ಳಿ ಹತ್ತಿರದವಳು. ಅವರ ಊರಲ್ಲಿ ಸೈಕಲ್ ಅಂದರೆ ಶರ್ಯತ್ತು. ನಮ್ಮೂರಲ್ಲಿ ಅದು ದಿಣ್ಣೆ ಬಂದಾಗ ಇಳಿದು ತಳ್ಳುವ ವಾಹನ. ಜಾತಕ ನೋಡಿದವರು ಇದೊಂದನ್ನು ನೋಡಿರಲಿಲ್ಲ.

ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ಸೈಕ್ಲಿಂಗ್‌ನಲ್ಲಿ ಎಷ್ಟೋ ವರ್ಷಗಳಿಂದ ಪದಕ ಗೆಲ್ಲುತ್ತಿದ್ದಾರೆಂದು ಮದುವೆಗೆ ಮುಂಚೆ ನನಗೆ ಗೊತ್ತೇ ಇರಲಿಲ್ಲ. ಆ ಸೀಮೆಯ ಜಾತ್ರೆಗಳಲ್ಲಿ ಎತ್ತಿನ ಗಾಡಿಯ ಶರ್ಯತ್ತಿನ ಹಾಗೆ ಸೈಕಲ್ ಶರ್ಯತ್ತೂ ನಡೆಯುತ್ತದೆ. ಮನೆಯಲ್ಲಿ ಹಾಲಿನ ಕ್ಯಾನು ಹೊರುವ ಸೈಕಲ್ಲನ್ನೇ ತಂದು, ಮಡ್‌ಗಾರ್ಡು, ಕ್ಯಾರಿಯರ್ರು, ಸ್ಟ್ಯಾಂಡು ಬಿಚ್ಚಿಟ್ಟು, ಕಬ್ಬಿನ ಗದ್ದೆಗಳ ನಡುವಿನ ನೇರ ರಸ್ತೆಯಲ್ಲಿ ಬಿಟ್ಟುಬಿಡುತ್ತಿದ್ದರಂತೆ ಇವರು. ಈಗಲೂ ಮುಂದೆ ಒಬ್ಬ ಸೈಕಲ್ ಸವಾರ ಕಂಡರೆ ಸಾಕು, ಇವರ ಬೆನ್ನು ತಾನಾಗಿ ಬಗ್ಗುತ್ತದೆ. ಹಿಂದಿಕ್ಕಿದ ಮೇಲೆ ನೋಡಿದರೆ ಆತ ಪೇಪರ್ ಹಾಕುವ ಹುಡುಗನಾಗಿರುತ್ತಾನೆ.

ನನಗೆ ಬೇಕಾದ್ದು ಪ್ರವಾಸ. ಕ್ಯಾರಿಯರಿನ ಎರಡು ಪಕ್ಕ ಪ್ಯಾನಿಯರ್ ಎಂಬ ಚೀಲ ತೂಗುಹಾಕಿ, ಅದರಲ್ಲಿ ಎರಡು ಜೊತೆ ಬಟ್ಟೆ, ರೇನ್‌ಕೋಟು, ಟ್ಯೂಬು, ಪಂಪು ತುಂಬಿಕೊಂಡು, ಸಂಜೆಗೆ ಯಾವ ಊರು ಸಿಕ್ಕರೂ ಸರಿ ಎಂದು ಹೊರಡುವುದು. ಕೊಟ್ಟಿಗೆಹಾರದಲ್ಲಿ ನಿಂತು ನೀರು ದೋಸೆ ತಿನ್ನದೆ ಚಾರ್ಮಾಡಿ ಇಳಿಯುವವರನ್ನು ಕಂಡರೆ ನನಗೆ ಅರ್ಥವಾಗುವುದಿಲ್ಲ.

ಇಷ್ಟವೇನೋ ಇಬ್ಬರಿಗೂ ಒಂದೇ, ತೊಡಕಿದ್ದದ್ದು ವೇಗದಲ್ಲಿ. ಸಮತಟ್ಟಿನ ರಸ್ತೆಯಲ್ಲಿ ಅವರ ಆರಾಮದ ವೇಗ ಗಂಟೆಗೆ ಮೂವತ್ತು ಕಿಲೋಮೀಟರ್, ನನ್ನದು ಇಪ್ಪತ್ತು. ಹತ್ತೇ ತಾನೇ ಎನ್ನಬೇಡಿ. ಗಾಳಿಯನ್ನು ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ವೇಗದ ಜೊತೆ ಒಂದೇ ಸಮನೆ ಏರುವುದಿಲ್ಲ, ವೇಗದ ಘನದಷ್ಟು ಏರುತ್ತದೆ. ಇಪ್ಪತ್ತರಿಂದ ಮೂವತ್ತಕ್ಕೆ ಹೋಗಬೇಕಾದರೆ ಗಾಳಿಯೊಂದಕ್ಕೇ ಮೂರು ಪಟ್ಟಿಗಿಂತ ಹೆಚ್ಚು ಶಕ್ತಿ ತೆರಬೇಕು. ಹೆಂಡತಿ "ಸ್ವಲ್ಪ ಜೋರಾಗಿ" ಪೆಡಲ್ ಮಾಡಿದರೆ ಸರಿಹೋಗುತ್ತದೆ ಎಂದುಕೊಂಡ ಗಂಡಂದಿರು ಈ ಲೆಕ್ಕ ಒಮ್ಮೆ ಹಾಕಿ ನೋಡಲಿ.

ಇದಕ್ಕೆ ರೇಸಿನವರ ಬಳಿಯೇ ಒಂದು ಉಪಾಯವಿದೆ. ಮುಂದಿನವರ ಹಿಂದಿನ ಗಾಲಿಗೆ ಒಂದೆರಡು ಅಡಿ ಅಂತರದಲ್ಲಿ ನಮ್ಮ ಮುಂದಿನ ಗಾಲಿ ಇಟ್ಟುಕೊಂಡರೆ ಗಾಳಿಯ ಏಟನ್ನು ಅವರು ತಿನ್ನುತ್ತಾರೆ. ಮೂವತ್ತರ ವೇಗದಲ್ಲಿ ಹಿಂದಿನವರ ಶ್ರಮದಲ್ಲಿ ಸುಮಾರು ಕಾಲುಭಾಗ ಉಳಿಯುತ್ತದೆ. ಡ್ರಾಫ್ಟಿಂಗ್ ಎಂದು ಇದಕ್ಕೆ ಹೆಸರು. ನಾನಿದನ್ನು ಕಲಿತದ್ದು ಆಷಾಢದಲ್ಲಿ, ಹಿರಿಯೂರು ದಾಟಿ ಚಿತ್ರದುರ್ಗದ ಕಡೆ ಹೋಗುವಾಗ. ಅಲ್ಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಎದುರಿನಿಂದ, ಎಡದಿಂದ ಗಾಳಿ ಹೊಡೆಯುತ್ತಿತ್ತು. ಇಳಿಜಾರಿನಲ್ಲೂ ಪೆಡಲ್ ತುಳಿಯಬೇಕಾದ ಸ್ಥಿತಿ. "ನನ್ನ ಬೆನ್ನ ಹಿಂದ ಬಾ, ಗಾಲಿ ಮ್ಯಾಲ ಕಣ್ಣಿಡಬ್ಯಾಡ, ನನ್ನ ಸೊಂಟ ನೋಡ್ಕೋತ ಬಾ" ಎಂದರು. ಗಾಲಿಯನ್ನೇ ದಿಟ್ಟಿಸಿದರೆ ಮುಂದೆ ಆಗುವುದು ತಡವಾಗಿ ತಿಳಿಯುತ್ತದೆ. ಸೊಂಟ ಮುಂಚೆಯೇ ಹೇಳುತ್ತದೆ.

ಗಾಳಿ ಎಡದಿಂದ ಬಂದರೆ ನೆರಳು ಸಿಗುವುದು ಮುಂದಿನವರ ಹಿಂದೆ, ತುಸು ಬಲಕ್ಕೆ. ಬಲಕ್ಕೆ ಸರಿದರೆ ನಮ್ಮ ರಸ್ತೆಗಳಲ್ಲಿ ಲಾರಿಗಳ ಪಾಲಾಗುತ್ತೇವೆ. ಆದ್ದರಿಂದ ಅವರು ಡಾಂಬರಿನ ಎಡ ಅಂಚಿಗೆ ಸರಿದರು, ಬಿಳಿ ಗೆರೆಯ ಒಳಗೆ ನನಗೆ ಜಾಗ ಉಳಿಯಿತು. ಗಾಲಿಗೆ ಗಾಲಿ ತಾಗಿದರೆ ಬೀಳುವುದು ಹಿಂದಿನವರೇ. ಹಾಗಾಗಿ ಮುಂದಿನವರ ಬಾಯಿ ಮುಚ್ಚಬಾರದು: ಗುಂಡಿ, ಹಂಪು, ನಾಯಿ, ಬ್ರೇಕ್. ಮನೆಯಲ್ಲಿ ಮೂರು ಸಲ ಕೇಳಿದರೆ ಒಂದು ಉತ್ತರ ಕೊಡುವ ಮನುಷ್ಯ ಆ ದಿನ ಆಡಿದ ಮಾತಿಗೆ ಲೆಕ್ಕವಿಲ್ಲ.

ಘಟ್ಟದಲ್ಲಿ ಈ ಉಪಾಯ ನಡೆಯುವುದಿಲ್ಲ. ಸೋಮೇಶ್ವರದಿಂದ ಆಗುಂಬೆಗೆ ಹದಿನಾಲ್ಕು ಹೇರ್‌ಪಿನ್ ತಿರುವು ಹತ್ತುವಾಗ ವೇಗ ಏಳೆಂಟಕ್ಕೆ ಇಳಿದಿರುತ್ತದೆ, ಗಾಳಿ ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿ ಎಣಿಕೆಗೆ ಬರುವುದು ಭಾರ ಮತ್ತು ಗೇರು. ಗೇರಿನ ವಿಷಯ ಸುಲಭ. ಮುಂದಿನ ಚಕ್ರದಲ್ಲಿ 34 ಹಲ್ಲು, ಹಿಂದಿನದರಲ್ಲೂ 34 ಇದ್ದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಗಾಲಿಯೂ ಒಂದೇ ಸುತ್ತು. ಸುಮಾರು ಎರಡು ಮೀಟರ್ ಮುಂದೆ ಹೋಗುತ್ತೇವೆ. ಮುಂದೆ 50, ಹಿಂದೆ 11 ಹಾಕಿದರೆ ಅದೇ ಒಂದು ಸುತ್ತಿಗೆ ಒಂಬತ್ತೂವರೆ ಮೀಟರ್. ಮೊದಲಿನದು ಆಗುಂಬೆಗೆ, ಎರಡನೆಯದು ಇಳುಕಲಿಗೆ. ರೇಸ್ ಸೈಕಲ್ ಕೊಳ್ಳುವವರು ಎರಡನೆಯದನ್ನು ನೋಡಿ ಹಿಗ್ಗುತ್ತಾರೆ. ಸಾಮಾನು ಹೊತ್ತು ಘಟ್ಟ ಹತ್ತುವವರು ಮೊದಲು ವಿಚಾರಿಸಬೇಕಾದ್ದು ಹಿಂದಿನ ದೊಡ್ಡ ಚಕ್ರಕ್ಕೆ ಎಷ್ಟು ಹಲ್ಲು ಅಂತ.

ಭಾರದ ವಿಷಯದಲ್ಲಿ ನಮ್ಮದೊಂದು ಒಪ್ಪಂದ ಇದೆ. ಟೂಲು, ಬೀಗ, ಔಷಧಿ, ಟೆಂಟು, ಸ್ಟವ್ವು ಎಲ್ಲ ಅವರ ಚೀಲಕ್ಕೆ. ನನ್ನದರಲ್ಲಿ ಬಟ್ಟೆ ಮತ್ತು ಚಕ್ಕುಲಿ. ಇದು ದಾಕ್ಷಿಣ್ಯದ ಮಾತಲ್ಲ. ಹದಿನೈದು ಕಿಲೋ ಹೇರಿದ ಮೇಲೆ ಘಟ್ಟದಲ್ಲಿ ಅವರ ವೇಗ ನನ್ನ ವೇಗಕ್ಕೆ ಬಂದು ಕೂರುತ್ತದೆ. ಜೋಡಿಯಾಗಿ ಪ್ರವಾಸ ಹೋಗುವ ಎಷ್ಟೋ ಮಂದಿ ಲಗೇಜನ್ನು ಸಮಪಾಲು ಮಾಡಿಕೊಳ್ಳುತ್ತಾರೆ. ಆಮೇಲೆ ಒಬ್ಬರು ಪ್ರತಿ ತಿರುವಿನಲ್ಲೂ ಕಾದು ಕಾದು ಬೇಸತ್ತು, ಇನ್ನೊಬ್ಬರು ಕಾಯಿಸುತ್ತಿದ್ದೇನಲ್ಲ ಎಂದು ಕುಗ್ಗಿ, ಮೂರನೇ ದಿನ ಬಸ್ಸು ಹತ್ತುತ್ತಾರೆ. ಸೈಕಲ್ಲಿನ ಅಳತೆಯೂ ಹಾಗೆಯೇ. ಗಂಡ ಹೊಸದು ಕೊಂಡು ತನ್ನ ಹಳೆಯದನ್ನು ಹೆಂಡತಿಗೆ ದಾಟಿಸುವ ರೂಢಿಯೊಂದಿದೆ. ಆರಡಿ ಆಳಿನ ಫ್ರೇಮಿನ ಮೇಲೆ ಐದಡಿಯವಳು ಕೈ ಚಾಚಿ ಕೂತರೆ ಐವತ್ತು ಕಿಲೋಮೀಟರಿಗೆ ಕತ್ತು, ಮಣಿಕಟ್ಟು ಹಿಡಿದುಕೊಳ್ಳುತ್ತವೆ. ಆಮೇಲೆ "ಅವಳಿಗೆ ಸೈಕಲ್ ಆಗಿಬರಲಿಲ್ಲ" ಎನ್ನುತ್ತಾರೆ.

ರೇಸು ಬೇಕೆನ್ನುವವರಿಗೂ ಪ್ರವಾಸ ಬೇಕೆನ್ನುವವರಿಗೂ ಒಪ್ಪುವ ಆಟವೊಂದಿದೆ, ಬ್ರೆವೆ ಅಂತ. ಅದರ ನಿಯಮಗಳ ಒಡೆಯರು 1904ರಲ್ಲಿ ಹುಟ್ಟಿದ ಆಡಾಕ್ಸ್ ಕ್ಲಬ್ ಪ್ಯಾರಿಸಿಯನ್. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲೂ ಇದು ನಡೆಯುತ್ತದೆ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ, 300ನ್ನು 20, 400ನ್ನು 27, 600ನ್ನು 40 ಗಂಟೆಯೊಳಗೆ ಮುಗಿಸಬೇಕು. ಒಂದೇ ಋತುವಿನಲ್ಲಿ ನಾಲ್ಕನ್ನೂ ಮುಗಿಸಿದರೆ ಸೂಪರ್ ರ‍್ಯಾಂಡನರ್ ಎಂಬ ಬಿರುದು. ದಾರಿಯಲ್ಲಿ ಗೊತ್ತುಪಡಿಸಿದ ಕಟ್ಟೆಗಳಲ್ಲಿ ಕಾರ್ಡಿಗೆ ಮುದ್ರೆ ಹಾಕಿಸಿಕೊಳ್ಳಬೇಕು. ಯಾರೂ ಇಲ್ಲದ ಕಡೆ ಎಟಿಎಮ್ಮಿನ ಚೀಟಿಯೋ ಪೆಟ್ರೋಲ್ ಬಂಕಿನ ರಸೀದಿಯೋ ಸಾಕ್ಷಿ. ಹಿಂದೆ ಕಾರು ತರುವಂತಿಲ್ಲ, ಪಂಕ್ಚರ್ ನಾವೇ ಹಾಕಿಕೊಳ್ಳಬೇಕು.

ನನಗೆ ಹಿಡಿಸಿದ್ದು ಬೇರೆ: ಇಲ್ಲಿ ಮೊದಲನೆಯವರು, ಕೊನೆಯವರು ಇಲ್ಲ. ಪಟ್ಟಿಯಲ್ಲಿ ಸ್ಥಾನ ಹಾಕುವುದಿಲ್ಲ. ಬಹಳ ಬೇಗ ಬಂದರೂ ಕಟ್ಟೆ ತೆರೆದಿರುವುದಿಲ್ಲ, ಏಕೆಂದರೆ ಗರಿಷ್ಠ ವೇಗಕ್ಕೂ ಮಿತಿ ಇದೆ. ಶರ್ಯತ್ತಿನ ಮನುಷ್ಯನಿಗೆ ಗಡಿಯಾರ ಸಿಕ್ಕಿತು, ನನಗೆ ಚಹಾಕ್ಕೆ ಸಮಯ ಸಿಕ್ಕಿತು. ರಾತ್ರಿ ಎರಡು ಗಂಟೆಗೆ ಪ್ರತಿಫಲನದ ಅಂಗಿ ತೊಟ್ಟು, ತಲೆಗೊಂದು ದೀಪ ಕಟ್ಟಿಕೊಂಡು ಢಾಬಾದ ಹೊರಗೆ ನಿಂತಾಗ ಲಾರಿ ಡ್ರೈವರ್‌ಗಳು ಕೇಳುವ ಪ್ರಶ್ನೆಗಳೆಲ್ಲ ಇವರಿಗೇ. ಸೈಕಲ್ ಬೆಲೆ ಎಷ್ಟು, ಎಲ್ಲಿಂದ, ಎಲ್ಲಿಗೆ. ಒಬ್ಬರು ಮಾತ್ರ ನನ್ನ ಕಡೆ ತಿರುಗಿ, "ಅಮ್ಮಾ, ಮನೇಲಿ ಜಗಳವಾ?" ಎಂದಿದ್ದರು.

ನಾಲ್ಕು ವರ್ಷಕ್ಕೊಮ್ಮೆ ಫ್ರಾನ್ಸಿನಲ್ಲಿ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ನಡೆಯುತ್ತದೆ: 1200 ಕಿಲೋಮೀಟರ್, 90 ಗಂಟೆ. 1891ರಲ್ಲಿ ರೇಸಾಗಿ ಶುರುವಾದದ್ದು ಈಗ ಬ್ರೆವೆಯವರ ಕಾಶಿ. ಇವರಿಗೆ ಹೋಗುವ ಆಸೆ ಇದೆ. ನಾನು ವೀಸಾ ಫಾರ್ಮು ತುಂಬಿಕೊಡಲು ಸಿದ್ಧ, ಅಷ್ಟೇ.

ಎರಡು ವೇಗದ ಜಂಜಾಟಕ್ಕೆ ಒಂದೇ ಏಟಿಗೆ ಪರಿಹಾರ ಟ್ಯಾಂಡಮ್, ಅಂದರೆ ಇಬ್ಬರು ತುಳಿಯುವ ಉದ್ದ ಸೈಕಲ್. ಕಾಲು ನಾಲ್ಕು, ಗಾಳಿಗೆ ಎದೆಯೊಡ್ಡುವವರು ಹೆಚ್ಚುಕಡಿಮೆ ಒಬ್ಬರೇ. ಸಮತಟ್ಟಿನಲ್ಲಿ, ಇಳಿಜಾರಿನಲ್ಲಿ ಅದು ಹಾರುತ್ತದೆ. ಏರಿನಲ್ಲಿ ತಿಣುಕುತ್ತದೆ. ಘಟ್ಟ ಇಳಿಯುವಾಗ ಇಬ್ಬರ ಭಾರಕ್ಕೆ ಬ್ರೇಕು ಕಾದು ಕೆಂಡವಾಗುತ್ತದೆ. ಮುಂದಿನವರು ಕ್ಯಾಪ್ಟನ್: ಹ್ಯಾಂಡಲ್ಲು, ಬ್ರೇಕು, ಗೇರು ಅವರ ಕೈಯಲ್ಲಿ. ಹಿಂದಿನವರು ಸ್ಟೋಕರ್, ಉಗಿಬಂಡಿಗೆ ಕಲ್ಲಿದ್ದಲು ಹಾಕುವವರ ಹೆಸರು. ಅವರಿಗೆ ಕಾಣುವುದು ಮುಂದಿನವರ ಬೆನ್ನು ಮಾತ್ರ. ನಾನು ಹಿಂದೆ ಕೂರಲು ಒಪ್ಪಲಿಲ್ಲ. ಇವರೂ ಒಪ್ಪಲಿಲ್ಲ. ಟ್ಯಾಂಡಮ್ ಅಂಗಡಿಯಲ್ಲೇ ಉಳಿಯಿತು.

ಅದರ ಬದಲು ನಾವು ಎರವಲು ತಂದದ್ದು ಹಳೆಯ ಜೋಡಿಯೊಂದರ ಪದ್ಧತಿ. ಫ್ಯಾನಿ ಬುಲಕ್ ವರ್ಕ್‌ಮನ್ ಮತ್ತು ಆಕೆಯ ಗಂಡ, ವೈದ್ಯ ವಿಲಿಯಂ ಹಂಟರ್ ವರ್ಕ್‌ಮನ್, ಅಮೆರಿಕದವರು. ಅಲ್ಜೀರಿಯ, ಸ್ಪೇನ್ ಮುಗಿಸಿ, 1890ರ ದಶಕದ ಕೊನೆಯಲ್ಲಿ ಸಿಲೋನ್, ಜಾವಾ, ಭಾರತಗಳಲ್ಲಿ ಸೈಕಲ್ ತುಳಿದರು. 1904ರಲ್ಲಿ ಬಂದ ಅವರ ಪುಸ್ತಕದ ಹೆಸರಿನಲ್ಲೇ ಹದಿನಾಲ್ಕು ಸಾವಿರ ಮೈಲಿ ಎಂದಿದೆ. ಅವರು ಇಲ್ಲಿ ಸೈಕಲ್ ತುಳಿಯುವಾಗ ಡನ್‌ಲಪ್ ಗಾಳಿ ತುಂಬಿದ ಟಯರ್ ತಂದು ಇನ್ನೂ ಹತ್ತು ವರ್ಷ. ಫ್ಯಾನಿ ಉದ್ದ ಲಂಗದಲ್ಲೇ ತುಳಿಯುತ್ತಿದ್ದಳು, ಒಂದೊಂದು ದಿನ ನಲವತ್ತರವರೆಗೂ ಪಂಕ್ಚರ್ ಹಾಕಬೇಕಾಗುತ್ತಿತ್ತು, ಇಲಿಗಳಿರುವ ಕೋಣೆಗಳಲ್ಲಿ ಮಲಗಬೇಕಾಗುತ್ತಿತ್ತು. ಸಾಮಾನು ಸುಲಭವಾಗಿ ಸಿಗಲೆಂದು ರೈಲು ಮಾರ್ಗದ ಆಸುಪಾಸಿನಲ್ಲೇ ಸಾಗುತ್ತಿದ್ದರು. ಆಮೇಲೆ ಹಿಮಾಲಯ ಕಂಡು ಸೈಕಲ್ ಬಿಟ್ಟು ಶಿಖರಗಳಿಗೆ ಬಿದ್ದರು. 1912ರಲ್ಲಿ ಸಿಯಾಚಿನ್ ಹಿಮನದಿಯ ಎತ್ತರದಲ್ಲಿ ಹೆಂಗಸರಿಗೆ ಮತದಾನದ ಹಕ್ಕು ಕೇಳುವ ಪತ್ರಿಕೆ ಹಿಡಿದು ನಿಂತ ಫ್ಯಾನಿಯ ಚಿತ್ರ ಪ್ರಸಿದ್ಧ. ಇಲ್ಲಿನ ಕೂಲಿಗಳ ಬಗ್ಗೆ, ಜನರ ಬಗ್ಗೆ ಇಬ್ಬರೂ ಬರೆದದ್ದರಲ್ಲಿ ದೊರೆತನದ ತಾತ್ಸಾರ ತುಂಬಿದೆ. ಓದುವಾಗ ಮೈ ಉರಿಯುತ್ತದೆ. ಮಗಳನ್ನು ದಾದಿಯರ, ಬೋರ್ಡಿಂಗ್ ಶಾಲೆಗಳ ಕೈಗೆ ಬಿಟ್ಟು ತಿರುಗಿದವರು ಬೇರೆ.

ಆದರೂ ಅವರದೊಂದು ಕ್ರಮವನ್ನು ಮೆಚ್ಚಬೇಕು. ಪರ್ವತ ಯಾತ್ರೆಗಳಲ್ಲಿ ಒಂದು ವರ್ಷ ಏರ್ಪಾಡಿನ ಯಜಮಾನಿಕೆ ಅವಳದು, ಮರುವರ್ಷ ಅವನದು. ಮಿಕ್ಕವರು ಅಳತೆ, ಛಾಯಾಚಿತ್ರದ ಕೆಲಸ ನೋಡಿಕೊಳ್ಳಬೇಕು. ಅದನ್ನೇ ನಮ್ಮ ಮನೆಗೂ ತಂದೆವು. ನಮ್ಮ ಮನೆಯವರ ಸರದಿಯ ಪ್ರವಾಸದಲ್ಲಿ ದಾರಿ, ದಿನದ ದೂರ, ಎದ್ದೇಳುವ ಹೊತ್ತು ಅವರ ಇಚ್ಛೆ, ನಾನು ಗೊಣಗುವಂತಿಲ್ಲ. ಕಳೆದ ಸಲ ಮಸಿನಗುಡಿಯಿಂದ ಊಟಿಗೆ ಕಲ್ಲಟ್ಟಿಯ ಮೂವತ್ತಾರು ಹೇರ್‌ಪಿನ್ ಹತ್ತಿಸಿದರು. ಅರ್ಧಕ್ಕಿಂತ ಹೆಚ್ಚು ದಾರಿ ತಳ್ಳಿಕೊಂಡೇ ಹೋದೆ, ತುಟಿ ಬಿಚ್ಚಲಿಲ್ಲ. ಈ ಡಿಸೆಂಬರ್ ನನ್ನ ಸರದಿ. ಬಾಳೆಹೊನ್ನೂರು, ಹೊರನಾಡು, ಕಳಸ, ಕುದುರೆಮುಖ, ಆಮೇಲೆ ಕಾರ್ಕಳಕ್ಕೆ ಇಳಿಯುವುದು. ದಿನಕ್ಕೆ ಐವತ್ತು ಕಿಲೋಮೀಟರ್ ಮೀರುವಂತಿಲ್ಲ, ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿಯ ಊಟ, ಊಟದ ಮೇಲೆ ಎರಡು ಗಂಟೆ ನಿದ್ದೆ. "ಐವತ್ತಕ್ಕ ಯಾರರ ಬ್ಯಾಗ್ ಕಟ್ಟತಾರೇನ?" ಎಂದು ಇವರು ಈಗಲೇ ರಾಗ ಎಳೆಯುತ್ತಿದ್ದಾರೆ. ಸ್ಟವ್ವಿನ ಜೊತೆ ಕಾಫಿ ಫಿಲ್ಟರನ್ನೂ ಅವರ ಚೀಲಕ್ಕೇ ಹಾಕುವ ಯೋಚನೆ ನನ್ನದು.