ಕರೆಂಟ್ ಅಕೌಂಟಿನಲ್ಲಿ ಮಲಗಿದ ದುಡ್ಡು

ಪಡುಬಿದ್ರಿ: ಮೇ ತಿಂಗಳ ಮದುವೆ ಗೌಜಿ ಮುಗಿದು ಮಳೆ ಹಿಡಿಯುವ ಹೊತ್ತಿಗೆ ಜವಳಿ, ಪಾತ್ರೆ ಅಂಗಡಿಯವರ ಕೈಯಲ್ಲಿ ನಾಲ್ಕು ಕಾಸು ಇರುತ್ತದೆ. ಸಗಟು ವ್ಯಾಪಾರಿಯ ಬಾಕಿ ಕೊಡಲು ಇನ್ನೂ ಹದಿನೈದು ದಿನ ಉಂಟು. ತಿಂಗಳು ತಿಂಗಳು ಜಿಎಸ್‌ಟಿ ಕಟ್ಟುವವರಿಗೆ 20ನೇ ತಾರೀಕಿನವರೆಗೆ ವಾಯಿದೆ. ಅಲ್ಲಿಯವರೆಗೆ ದುಡ್ಡು ಎಂತ ಮಾಡುತ್ತದೆ? ಕರೆಂಟ್ ಅಕೌಂಟಿನಲ್ಲಿ ಹೊದ್ದು ಮಲಗುತ್ತದೆ. ಆ ಖಾತೆಗೆ ಬಡ್ಡಿ ಇಲ್ಲ. ವ್ಯಾಪಾರದ ಹೆಸರಲ್ಲಿ ಎಸ್.ಬಿ. ಖಾತೆ ತೆರೆಯಲು ರಿಸರ್ವ್ ಬ್ಯಾಂಕ್ ಬಿಡುವುದೂ ಇಲ್ಲ.

ಸಣ್ಣ ದುಡ್ಡನ್ನು ದುಡಿಸುವ ವಿದ್ಯೆ ನಮ್ಮ ಜಿಲ್ಲೆಗೆ ಹೊಸತೇನಲ್ಲ ಮಾರಾಯ್ರೆ! 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಲ್ಲೇ ದಿನಕ್ಕೆ ಎರಡಾಣೆಯ ಪಿಗ್ಮಿ ಶುರುಮಾಡಿತ್ತು. (2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು, ಬಿಡಿ.) ಆದರೆ ಪಿಗ್ಮಿ ಕೂಡಿಡುವ ದುಡ್ಡಿಗೆ. ನಾಳೆ ಕೊಡಬೇಕಾದ ದುಡ್ಡಿಗೆ ಬೇರೆ ದಾರಿ ಬೇಕು.

ದಾರಿ ಉಂಟು. ಏಳೇ ದಿನಕ್ಕೂ ಎಫ್.ಡಿ. ಇಡಬಹುದು, ಏಳು ದಿನದೊಳಗೆ ಮುರಿದರೆ ಬಡ್ಡಿ ಸೊನ್ನೆ. ಖಾತೆಯಲ್ಲಿ ಇಂತಿಷ್ಟು ಮೀರಿದ್ದು ತಾನಾಗಿ ಎಫ್.ಡಿ.ಗೆ ಹೋಗಿ, ಚೆಕ್ ಬಂದಾಗ ತಾನಾಗಿ ಮರಳುವ 'ಸ್ವೀಪ್' ವ್ಯವಸ್ಥೆ ಹಲವು ಬ್ಯಾಂಕುಗಳಲ್ಲಿದೆ. ಕೇಳಬೇಕಾದವರು ನಾವು.

ಈಗ ಲೆಕ್ಕ ನೋಡಿ. 10 ಲಕ್ಷ ರೂ. 15 ದಿನ, ವರ್ಷಕ್ಕೆ ಶೇ. 5ರಂತೆ ಇಟ್ಟರೆ ಸುಮಾರು 2,055 ರೂ. ಶೇ. 6 ಕೊಡುತ್ತೇನೆ ಎನ್ನುವವನ ಬಳಿ ಇಟ್ಟರೆ 2,466. ವ್ಯತ್ಯಾಸ 411 ರೂಪಾಯಿ! ಇದಕ್ಕಾಗಿ ಹತ್ತು ಲಕ್ಷವನ್ನು ಗುರುತು ಪರಿಚಯ ಇಲ್ಲದವನ ಕೈಗೆ ಹಾಕುವುದುಂಟೇ?

ದೊಡ್ಡ ಕಂಪೆನಿಗಳೇ ಇದರಲ್ಲಿ ಜಾರಿವೆ. ಅವರು ಮಿಗತೆ ಹಣ ಹಾಕುವ ಲಿಕ್ವಿಡ್ ಫಂಡುಗಳಲ್ಲಿ ಕೆಲವು, ಐಎಲ್ ಆಂಡ್ ಎಫ್‌ಎಸ್ ಗುಂಪಿನ ಅಲ್ಪಾವಧಿ ಸಾಲಪತ್ರ ಕೊಂಡಿದ್ದವು. ಒಳ್ಳೆಯ ರೇಟಿಂಗ್ ಇದ್ದ ಕಾಗದ. 2018ರ ಸೆಪ್ಟೆಂಬರಿನಲ್ಲಿ ಆ ಗುಂಪು ಸಾಲ ತೀರಿಸದೆ ಕೈಯೆತ್ತಿತು. ಫಂಡುಗಳ ಬೆಲೆ ಇಳಿಯಿತು.

ನಮ್ಮಲ್ಲಿ ಗಲ್ಲಿಗೊಂದು ಪತ್ತಿನ ಸಹಕಾರಿ, ಸೌಹಾರ್ದ. ಒಳ್ಳೆಯವು ಬೇಕಾದಷ್ಟಿವೆ. ಆದರೆ ಠೇವಣಿ ವಿಮೆ ಇರುವುದು ಬ್ಯಾಂಕುಗಳಿಗೆ ಮಾತ್ರ, ಇವುಗಳಿಗಿಲ್ಲ. ಬ್ಯಾಂಕಿನಲ್ಲೂ ಅಸಲು ಬಡ್ಡಿ ಸೇರಿ ಒಬ್ಬರಿಗೆ 5 ಲಕ್ಷದವರೆಗೆ (2020ರ ಫೆಬ್ರವರಿಗೆ ಮೊದಲು 1 ಲಕ್ಷ). ಒಂದೇ ಬ್ಯಾಂಕಿನಲ್ಲಿ ನಿಮ್ಮ ಸ್ವಂತ ಖಾತೆ, ನೀವೊಬ್ಬರೇ ಮಾಲಕರಾದ ಅಂಗಡಿಯ ಖಾತೆ ಎರಡೂ ಇದ್ದರೆ ಕೂಡಿಸಿಯೇ ಲೆಕ್ಕ, ಪಾಲುದಾರಿಕೆಯದ್ದಾದರೆ ಬೇರೆ.