ದೂರದರ್ಶನದ ಒಂದು ಜನವರಿ 26

ನಮ್ಮ ಮೈಸೂರಿನ ಮನೆಯಲ್ಲಿ ಹಿತಕಿದವರೆ ಸಾರಿಗೂ ರಾಷ್ಟ್ರಪತಿಗಳ ಭಾಷಣಕ್ಕೂ ಹಳೆಯ ನಂಟು. ಜನವರಿ 25ರ ಸಂಜೆ ಏಳಕ್ಕೆ ಅಮ್ಮ ಹಳೇ ಪೇಪರ್ ಹಾಸಿ, ಎರಡು ಕೇಜಿ ಸೊಗಡಿನ ಅವರೆಕಾಯಿ ಸುರಿದುಕೊಂಡು ಟೀವಿ ಎದುರು ಕೂರುತ್ತಾಳೆ. ಭಾಷಣ ಮೊದಲು ಹಿಂದಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಅವೆರಡೂ ಮುಗಿದ ಮೇಲೆ ದೂರದರ್ಶನದ ಚಂದನ ವಾಹಿನಿಯಲ್ಲಿ ಕನ್ನಡ ಅನುವಾದ. ಹಿಂದಿ, ಇಂಗ್ಲಿಷುಗಳೆಲ್ಲ ಕಾಯಿ ಬಿಡಿಸುವುದಕ್ಕೆ, ಕನ್ನಡ ಬಂದಾಗ ಮಾತ್ರ ಕೈ ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಕಾಳೂ ಪಾತ್ರೆಗೆ ಬಿದ್ದಿರುತ್ತದೆ. ರಾತ್ರಿಯಿಡೀ ನೀರಿನಲ್ಲಿ ನೆಂದ ಕಾಳನ್ನು ಮರುದಿನ ಪೆರೇಡ್ ನೋಡುತ್ತಾ ಹಿತಕಬೇಕು. ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಪುಳಕ್ಕನೆ ಹಾರುತ್ತದೆ. ಒಂದು ವರ್ಷ ಹಾಗೆ ಹಾರಿದ ಬೇಳೆ ನೇರ ರಾಷ್ಟ್ರಪತಿಗಳ ಅಂಗರಕ್ಷಕ ದಳದ ಕುದುರೆಯ ಮೂತಿಗೆ ಬಡಿದು ಟೀವಿ ಸ್ಟ್ಯಾಂಡಿನ ಕೆಳಗೆ ಬಿತ್ತು.

ವರ್ಷದಲ್ಲಿ ಇದೊಂದು ದಿನ ನಮ್ಮ ಮನೆಯಲ್ಲಿ ರಿಮೋಟಿಗೆ ಕೆಲಸವಿಲ್ಲ, ದೂರದರ್ಶನ ಒಂದೇ. 'ಬೇರೆಯವ್ರು ಮಧ್ಯೆ ಮಧ್ಯೆ ಮಾತಾಡ್ತಾರೆ ಕಣೇ, ಇದ್ರಲ್ಲಿ ಬ್ಯಾಂಡು ಪೂರ್ತಿ ಕೇಳ್ಸತ್ತೆ' ಅನ್ನುವುದು ಅಮ್ಮನ ಕಾರಣ. ಪೆರೇಡಿನ ಚಿತ್ರವನ್ನು ಖಾಸಗಿ ವಾಹಿನಿಗಳೂ ತೆಗೆದುಕೊಳ್ಳುವುದು ದೂರದರ್ಶನದಿಂದಲೇ. ಕ್ಯಾಮೆರಾ ಇವರದು, ಮಾತು ಮಾತ್ರ ಅವರದು. ಹಾಗಾಗಿ ಅಮ್ಮ ಬೇಡವೆನ್ನುವುದು ಬರೀ ಮಾತನ್ನು.

ಬೆಳಿಗ್ಗೆ ಮೊದಲು ಬೆಂಗಳೂರು. ಮಾಣಿಕ್ ಷಾ ಪೆರೇಡ್ ಮೈದಾನದಲ್ಲಿ ರಾಜ್ಯಪಾಲರ ಧ್ವಜಾರೋಹಣ, ಪೊಲೀಸ್ ಬ್ಯಾಂಡು, ಶಾಲಾ ಮಕ್ಕಳ ಕುಣಿತ. ಅದು ಮುಗಿಯುವ ಹೊತ್ತಿಗೆ ದೆಹಲಿ ತೆರೆದುಕೊಳ್ಳುತ್ತದೆ. ಪ್ರಧಾನಿ ಯುದ್ಧ ಸ್ಮಾರಕಕ್ಕೆ ಹೂಗುಚ್ಛ ಇಟ್ಟು ಬರುತ್ತಾರೆ, ರಾಷ್ಟ್ರಪತಿಗಳು ಬರುತ್ತಾರೆ, ಬಾವುಟ ಬಿಚ್ಚಿಕೊಳ್ಳುತ್ತದೆ. 52 ಸೆಕೆಂಡಿನ ರಾಷ್ಟ್ರಗೀತೆ ಮುಗಿಯುವುದರೊಳಗೆ 21 ಕುಶಾಲತೋಪು ಹಾರಬೇಕು. ದಸರೆಯಲ್ಲಿ ಅರಮನೆ ಹತ್ತಿರ ಇದೇ ಲೆಕ್ಕ ಕೇಳಿ ಬೆಳೆದ ಮೈಸೂರಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅಮ್ಮ ತುಟಿಯಲ್ಲೇ ಎಣಿಸುತ್ತಾಳೆ. ಒಂದು ವರ್ಷ ಹದಿನೇಳರವರೆಗೆ ಎಣಿಸಿದ್ದಳು, ಕುಕ್ಕರ್ ಕೂಗಿತು. ಆ ವರ್ಷದ ಲೆಕ್ಕ ಇವತ್ತಿಗೂ ಬಾಕಿ.

ಇದು ಸುದ್ದಿಯೋ ಚರಿತ್ರೆಯೋ? ನೇರಪ್ರಸಾರ, ಹಾಗಾಗಿ ಸುದ್ದಿ. ಆದರೆ ತೋರಿಸುತ್ತಿರುವುದೆಲ್ಲ ಚರಿತ್ರೆ. 1930ರ ಜನವರಿ 26ರಂದು ಪೂರ್ಣ ಸ್ವರಾಜ್ಯದ ದಿನ ಆಚರಿಸಿದ್ದಕ್ಕಾಗಿಯೇ, 1949ರ ನವೆಂಬರಿನಲ್ಲಿ ಅಂಗೀಕಾರವಾದ ಸಂವಿಧಾನವನ್ನು ಎರಡು ತಿಂಗಳು ಕಾಯಿಸಿ ಈ ತಾರೀಖಿಗೆ ಜಾರಿಗೆ ತಂದರು. ಸ್ತಬ್ಧಚಿತ್ರಗಳ ಸಾಲು ಬಂದಾಗಲಂತೂ ಶತಮಾನಗಳೇ ಟ್ರ್ಯಾಕ್ಟರಿನ ಮೇಲೆ ಹತ್ತಿ ಬರುತ್ತವೆ. 2025ರಲ್ಲಿ ಬಂದದ್ದು ಗದಗ ಜಿಲ್ಲೆಯ ಲಕ್ಕುಂಡಿ. ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಿಗಳು ತಲೆಮಾರುಗಟ್ಟಲೆ ಉಳಿ ಹಿಡಿದು ಕಟ್ಟಿದ್ದನ್ನು ವೀಕ್ಷಕ ವಿವರಣೆಗಾರ ನಾಲ್ಕು ವಾಕ್ಯದಲ್ಲಿ ಹೇಳಿ ಮುಗಿಸಬೇಕು, ಹಿಂದೆ ಇನ್ನೊಂದು ರಾಜ್ಯ ಕಾಯುತ್ತಿರುತ್ತದೆ. 2023ರಲ್ಲಿ ನಮ್ಮದು ನಾರಿ ಶಕ್ತಿ. ಸೂಲಗಿತ್ತಿ ನರಸಮ್ಮ, ತುಳಸಿ ಗೌಡ, ಸಾಲುಮರದ ತಿಮ್ಮಕ್ಕ, ಮೂವರೂ ಒಂದೇ ಗಾಡಿಯಲ್ಲಿ. 2024ರಲ್ಲಿ ಕರ್ನಾಟಕಕ್ಕೆ ಪೆರೇಡಿನಲ್ಲಿ ಜಾಗ ಸಿಗಲಿಲ್ಲ. ಯಾವುದು ಬರಬೇಕು, ಯಾವುದು ಬೇಡ ಎಂದು ಆರಿಸುವುದು ರಕ್ಷಣಾ ಸಚಿವಾಲಯದ ಸಮಿತಿ. ಚರಿತ್ರೆಯನ್ನು ಸರ್ಕಾರ ಹೇಳಿದರೆ ಹೀಗೇ, ಬಂದದ್ದಷ್ಟೇ ಕಾಣುತ್ತದೆ.

ನಾಲ್ಕು ವಾಕ್ಯದಲ್ಲಿ ಹೇಳಿ ಮುಗಿಸುವ ಈ ಬಿಗು ದೂರದರ್ಶನದ ಹುಟ್ಟಿನಲ್ಲೇ ಇದೆ. 1959ರ ಸೆಪ್ಟೆಂಬರ್ 15ರಂದು ದೆಹಲಿಯ ಆಕಾಶವಾಣಿ ಭವನದಲ್ಲಿ ಒಂದು ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಪ್ರಯೋಗವೆಂದು ಶುರುವಾದದ್ದು ಇದು. ದಿನವೂ ಪ್ರಸಾರ ಬಂದದ್ದು 1965ರಲ್ಲಿ. ಅದೇ ವರ್ಷ ಪ್ರತಿಮಾ ಪುರಿ ಐದು ನಿಮಿಷದ ಮೊದಲ ವಾರ್ತೆ ಓದಿದರು. ರೇಡಿಯೋ ಮನೆಯಲ್ಲೇ ಬೆಳೆದ ಕೂಸಾದ್ದರಿಂದ ರೇಡಿಯೋ ಮಾತಿನ ರೀತಿಯೇ ಇದಕ್ಕೂ ಅಂಟಿಕೊಂಡಿತು. ವಾಕ್ಯ ಚಿಕ್ಕದು, ದನಿ ಏರುವುದಿಲ್ಲ, ವಿಶೇಷಣ ಕಡಿಮೆ. ಆಕಾಶವಾಣಿಯಿಂದ ಬೇರೆ ಮನೆ ಮಾಡಿದ್ದು 1976ರ ಏಪ್ರಿಲ್ 1ಕ್ಕೆ.

ಕನ್ನಡದ ಟೀವಿ ಕಥೆ ಶುರುವಾಗುವುದು ಬೆಂಗಳೂರಿನಿಂದಲ್ಲ ಅನ್ನುವುದು ಬೆಂಗಳೂರಿನವರಿಗೇ ಅಷ್ಟಾಗಿ ಗೊತ್ತಿಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದಿಂದ ಎರವಲು ತಂದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ತಲುಪಿಸುವ ಸೈಟ್ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದು ಹೋದದ್ದು ಗುಲ್ಬರ್ಗ, ರಾಯಚೂರು, ಬಿಜಾಪುರದ ಹಳ್ಳಿಗಳಿಗೆ. ಇಸ್ರೋದವರು ಕೋಳಿಗೂಡಿಗೆ ಕಟ್ಟುವ ತಂತಿಬಲೆಯಿಂದ ಮೂರು ಮೀಟರ್ ಅಗಲದ ಆಂಟೆನಾ ಮಾಡಿದ್ದರು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿಗೆಲ್ಲ. ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಬೆಂಗಳೂರಿಗೆ ದೂರದರ್ಶನ ಬಂದಾಗ 1981. ಅಂದರೆ ರಾಯಚೂರಿನ ಹಳ್ಳಿಯ ಹುಡುಗ ಟೀವಿ ನೋಡಿ ಐದಾರು ವರ್ಷವಾದ ಮೇಲೆ ಮಲ್ಲೇಶ್ವರದ ಹುಡುಗ ತನ್ನ ಊರಿನ ಟೀವಿ ನೋಡಿದ. ಈ ಒಂದು ವಿಷಯದಲ್ಲಾದರೂ, ಪ್ರಾದೇಶಿಕ ಅಸಮತೋಲನದ ಲೆಕ್ಕ ಹಾಕಿದ ನಂಜುಂಡಪ್ಪ ವರದಿ ತಲೆಕೆಳಗಾಗಿತ್ತು!

ಮಧ್ಯಾಹ್ನ. ಪೆರೇಡ್ ಮುಗಿದಿದೆ, ವಿಮಾನಗಳು ಬಣ್ಣದ ಹೊಗೆ ಬಿಟ್ಟುಹೋಗಿವೆ. ಮರುಪ್ರಸಾರದ ಹೊತ್ತು ಇದು. ಅಮ್ಮ ಒಂದು ಕೋಳಿನಿದ್ದೆ ತೆಗೆಯುತ್ತಾಳೆ, ನಾನು ಫೋನಿನಲ್ಲಿ ಹಳೆಯ ದೂರದರ್ಶನಕ್ಕೆ ಹೋಗುತ್ತೇನೆ. ಸರ್ಕಾರಿ ಟೀವಿ ಚರಿತ್ರೆಯನ್ನು ಟ್ರ್ಯಾಕ್ಟರಿನಿಂದ ಕೆಳಗಿಳಿಸಿ, ಪುರುಸೊತ್ತಿನಿಂದ ಹೇಳಿದ ಒಂದು ಕಾಲವಿತ್ತು.

1988ರಲ್ಲಿ ಶುರುವಾದ 'ಭಾರತ್ ಏಕ್ ಖೋಜ್' 53 ಕಂತು. ನೆಹರೂ ಅಹಮದ್‌ನಗರದ ಕೋಟೆಯ ಸೆರೆಯಲ್ಲಿ ಬರೆದ ಪುಸ್ತಕವನ್ನು ಶ್ಯಾಂ ಬೆನಗಲ್ ತೆರೆಗೆ ತಂದರು. ರೋಷನ್ ಸೇಠ್ ನೆಹರೂ ಆಗಿ ನಮ್ಮೊಡನೆ ಮಾತಾಡುತ್ತಾರೆ, ಓಂ ಪುರಿಯ ಗಡಸು ದನಿ ಕಥೆ ಮುಂದುವರಿಸುತ್ತದೆ, ನೋಡುನೋಡುತ್ತ ಅದೇ ಓಂ ಪುರಿ ಅಶೋಕನಾಗಿ, ಔರಂಗಜೇಬನಾಗಿ ಎದುರು ನಿಲ್ಲುತ್ತಾರೆ. ಒಬ್ಬನೇ ನಟ ಇಷ್ಟು ಪಾತ್ರ ಮಾಡಿದರೆ ಗೊಂದಲವಾಗುವುದಿಲ್ಲವೇ ಎಂದರೆ, ನಮ್ಮ ಬಯಲಾಟ ನೋಡಿದವರಿಗೆ ಆಗುವುದಿಲ್ಲ. ಮುಖ ಅದೇ, ವೇಷ ಬೇರೆ, ಕಾಲ ಬೇರೆ. ವಿಜಯನಗರಕ್ಕೆ, ಟಿಪ್ಪುವಿಗೆ ಅದರಲ್ಲಿ ಜಾಗವಿದೆ. ಸೆಟ್ಟುಗಳು ಇವತ್ತಿನ ಕಣ್ಣಿಗೆ ಬಡವಾಗಿ ಕಾಣುತ್ತವೆ, ಯುದ್ಧಕ್ಕೆ ಹತ್ತಿಪ್ಪತ್ತು ಜನ. ಆದರೂ ಬೆಳಕು ಬಡವಾಗಿಲ್ಲ.

ಆ ಬೆಳಕು ಮೈಸೂರಿನದು. ಛಾಯಾಗ್ರಾಹಕ ವಿ.ಕೆ. ಮೂರ್ತಿ ಹುಟ್ಟಿದ್ದು ಮೈಸೂರಿನಲ್ಲಿ, ಕಲಿತದ್ದು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ. ಪಿಟೀಲು ಬಲ್ಲವರು. ಗುರುದತ್ತರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಸ್ಟುಡಿಯೋದ ಕತ್ತಲನ್ನು ಸೀಳಿ ಬರುವ ಬೆಳಕಿನ ಕೋಲು ಇದೆಯಲ್ಲ, ಅದನ್ನು ಅವರು ಹೊರಗಿನ ಬಿಸಿಲನ್ನು ಕನ್ನಡಿ ಹಿಡಿದು ಒಳಕ್ಕೆ ತಿರುಗಿಸಿ ಸಾಧಿಸಿದ್ದರು. ಆ ಚಿತ್ರ ಬಂದದ್ದು 1959ರಲ್ಲಿ, ದೂರದರ್ಶನ ಹುಟ್ಟಿದ ವರ್ಷವೇ. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರಕ್ಕೆ ಕ್ಯಾಮೆರಾ ಹಿಡಿದ ಕೈ ಮೂವತ್ತು ವರ್ಷದ ಮೇಲೆ ನಮ್ಮ ನಡುಮನೆಯ ಸಣ್ಣ ಪೆಟ್ಟಿಗೆಗೆ ಬೆಳಕು ಹೊಂದಿಸಿತು. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು, ಛಾಯಾಗ್ರಾಹಕರೊಬ್ಬರಿಗೆ ಬಂದದ್ದು ಅದೇ ಮೊದಲು. 2014ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

ಅದೇ ಪಾಲಿಟೆಕ್ನಿಕ್ಕಿನಲ್ಲಿ ಓದಿ, ಮೂರ್ತಿಯವರ ಕೈಕೆಳಗೆ ಪಳಗಿದ ಇನ್ನೊಬ್ಬರು ಗೋವಿಂದ್ ನಿಹಲಾನಿ. 1988ರಲ್ಲೇ ಅವರ 'ತಮಸ್' ಬಂತು. ದೇಶ ವಿಭಜನೆಯ ಕಥೆ, ಭೀಷ್ಮ ಸಾಹನಿಯವರ ಕಾದಂಬರಿ. ತೋರಿಸಬಾರದೆಂದು ಕೋರ್ಟಿಗೆ ಹೋದರು. ಬಾಂಬೆ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಧಾರಾವಾಹಿಯನ್ನು ತಾವೇ ಕೂತು ನೋಡಿ, ತೋರಿಸಬಹುದು ಅಂದರು. ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸರ್ಕಾರದ ಟೀವಿಯೊಂದು ಇಷ್ಟು ಕೆಂಡದಂಥ ವಿಷಯ ಮುಟ್ಟಿತ್ತು ಎಂದರೆ ಈಗಿನ ಹುಡುಗರು ನಂಬುವುದು ಕಷ್ಟ.

ಎಲ್ಲ ಚರಿತ್ರೆಗೂ ಆ ಭಾಗ್ಯ ಇರಲಿಲ್ಲ. 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಧಾರಾವಾಹಿಯ ಪ್ರತಿ ಕಂತಿಗೂ ಮುಂಚೆ, ಇದು ಕಾದಂಬರಿಯನ್ನು ಆಧರಿಸಿದ ಕಲ್ಪಿತ ಕಥೆ ಎಂಬ ಒಕ್ಕಣೆ ತೋರಿಸಬೇಕಾಯಿತು. ಮೈಸೂರಿನವರಿಗೆ ಆ ಹೆಸರು ಹೇಳಿದರೆ ಒಕ್ಕಣೆ ನೆನಪಾಗುವುದಿಲ್ಲ, ಬೆಂಕಿ ನೆನಪಾಗುತ್ತದೆ. 1989ರ ಫೆಬ್ರುವರಿಯ ಆ ರಾತ್ರಿ ನಮ್ಮೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಅದರ ಸೆಟ್ಟಿಗೆ ಹೊತ್ತಿಕೊಂಡ ಬೆಂಕಿಯಲ್ಲಿ ಅರವತ್ತಕ್ಕೂ ಹೆಚ್ಚು ಜನ ಸತ್ತರು. ಧಾರಾವಾಹಿ ಬಂದಾಗ ನಮ್ಮ ಬೀದಿಯಲ್ಲಿ ಎಲ್ಲರೂ ನೋಡಿದರು, ಅಮ್ಮ ನೋಡಲಿಲ್ಲ.

ಬೆನಗಲ್ 2014ರಲ್ಲಿ ಮತ್ತೆ ಸಾರ್ವಜನಿಕ ಟೀವಿಗೆ ಬಂದರು, ಈ ಸಲ ರಾಜ್ಯಸಭಾ ಟೀವಿಗೆ. 'ಸಂವಿಧಾನ್' ಹತ್ತು ಕಂತು, ಸಂವಿಧಾನ ಸಭೆಯ ಚರ್ಚೆಗಳೇ ಕಥೆ. ಹೊಡೆದಾಟವಿಲ್ಲ, ಹಾಡಿಲ್ಲ, ಬರೀ ಮಾತು. ಅಂಬೇಡ್ಕರ್ ಆಗಿ ಸಚಿನ್ ಖೇಡೇಕರ್. ಜನವರಿ 26ರ ಮಧ್ಯಾಹ್ನಕ್ಕೆ ಇದಕ್ಕಿಂತ ಒಳ್ಳೆಯ ನೋಟ ನನಗೆ ಗೊತ್ತಿಲ್ಲ. ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದ ಬಿ.ಎನ್. ರಾವ್ ಮಂಗಳೂರಿನಲ್ಲಿ ಹುಟ್ಟಿದವರು, ಪೂರ್ತಿ ಹೆಸರು ಬೆನಗಲ್ ನರಸಿಂಗ ರಾವ್. ಒಬ್ಬ ಬೆನಗಲ್ ದುಡಿದ ಸಭೆಯ ಕಥೆಯನ್ನು ಇನ್ನೊಬ್ಬ ಬೆನಗಲ್ ತೆರೆಗೆ ತಂದರು. ಉಡುಪಿ ಜಿಲ್ಲೆಯ ಒಂದು ಹಳ್ಳಿಯ ಹೆಸರು ಎಲ್ಲಿಂದೆಲ್ಲಿಗೆ ಹೋಯಿತು ನೋಡಿ.

ಸಂಜೆಯಾಗುತ್ತದೆ, ವಾರ್ತೆ ಬರುತ್ತದೆ. 2003ರ ನವೆಂಬರಿನಲ್ಲಿ ಮೆಟ್ರೋ ವಾಹಿನಿಯ ಜಾಗದಲ್ಲಿ ಬಂದ ಡಿಡಿ ನ್ಯೂಸ್ ದಿನದ 24 ಗಂಟೆಯೂ ಇದೆ, ನಿಜ. ನಾನು ಹೇಳುತ್ತಿರುವುದು ವಾಚಕರು ನಮಸ್ಕಾರ ಹೇಳಿ, ಮುಖ್ಯಾಂಶ ಓದಿ, ವಿವರಕ್ಕೆ ಹೋಗುವ ವಾರ್ತೆಯನ್ನು. ಈ ಸಮಾಧಾನವನ್ನು ಹೊಗಳುವ ಮುಂಚೆ ಒಂದನ್ನು ನೆನೆಯಬೇಕು. 1984ರ ಅಕ್ಟೋಬರ್ 31ರ ಬೆಳಿಗ್ಗೆ ಇಂದಿರಾ ಗಾಂಧಿಯವರಿಗೆ ಗುಂಡು ಬಿತ್ತು. ದೂರದರ್ಶನದಲ್ಲಿ ಸಲ್ಮಾ ಸುಲ್ತಾನ್ ಆ ಸಾವಿನ ಸುದ್ದಿ ಓದಿದಾಗ ಸಂಜೆ. ಹತ್ತು ಗಂಟೆಗೂ ಮೇಲಾಗಿತ್ತು. ಬಿಬಿಸಿ ಕೇಳಿದವರಿಗೆ ಅದಾಗಲೇ ಗೊತ್ತಿತ್ತು. ಅಂದರೆ ಆ ನಿಧಾನದಲ್ಲಿ ಅರ್ಧ ಶಿಸ್ತು, ಅರ್ಧ ಮೇಲಿನವರ ಅಪ್ಪಣೆಗೆ ಕಾಯುವುದು. 1997ರಲ್ಲಿ ಪ್ರಸಾರ ಭಾರತಿ ಎಂಬ ಸ್ವಾಯತ್ತ ನಿಗಮ ಬಂತು. ಕಾಗದದ ಮೇಲೆ ಅಪ್ಪಣೆ ಹೋಯಿತು. ಪರದೆಯ ಮೇಲೆ ಹೋಯಿತೇ ಎಂಬುದು ಪ್ರತಿ ಸರ್ಕಾರದ ಕಾಲದಲ್ಲೂ ಏಳುವ ಜಗಳ. 2024ರಲ್ಲಿ ಡಿಡಿ ನ್ಯೂಸಿನ ಲಾಂಛನ ಕೆಂಪಿನಿಂದ ಕೇಸರಿಗೆ ತಿರುಗಿದಾಗಲೂ ಎದ್ದಿತ್ತು.

ಇಷ್ಟೆಲ್ಲ ಗೊತ್ತಿದ್ದೂ ನಾನು ಅದನ್ನೇ ನೋಡುತ್ತೇನೆ. ಕಾರಣ ತೀರಾ ಸಾದಾ. ಓದುವವರಿಗೆ ನನ್ನನ್ನು ಹೆದರಿಸುವ ಆಸೆಯಿಲ್ಲ. ಪರದೆ ನಾಲ್ಕು ಚೌಕವಾಗಿ ಒಡೆಯುವುದಿಲ್ಲ. ಒಂದು ಸುದ್ದಿಗೂ ಇನ್ನೊಂದಕ್ಕೂ ನಡುವೆ ಉಸಿರಾಡುವಷ್ಟು ಬಿಡುವು. ಟೆಲಿಪ್ರಾಂಪ್ಟರ್ ಬಂದು ಎಷ್ಟೋ ಕಾಲವಾಗಿದ್ದರೂ ಮೇಜಿನ ಮೇಲೆ ಕಾಗದದ ಕಟ್ಟು ಇರುತ್ತದೆ, ಯಂತ್ರ ಕೈಕೊಟ್ಟರೆ ಇರಲಿ ಎಂದು. ಕೊನೆಯಲ್ಲಿ ಅದನ್ನು ಮೇಜಿಗೆ ಮೆಲ್ಲಗೆ ಕುಟ್ಟಿ ಅಂಚು ಸರಿಮಾಡುವ ಆ ಒಂದು ಗಳಿಗೆ ನನಗಿಷ್ಟ. ಅಂಗಡಿ ಮುಚ್ಚುವ ಮುಂಚೆ ಶೆಟ್ಟರು ತಕ್ಕಡಿ ಬಟ್ಟಲು ಒರೆಸಿಡುತ್ತಾರಲ್ಲ, ಹಾಗೆ.

ಜೆ.ಸಿ. ನಗರದ ಕೇಂದ್ರದಿಂದ ಚಂದನ ಇವತ್ತಿಗೂ ಇದೇ ಲಯದಲ್ಲಿ ನಡೆಯುತ್ತಿದೆ. ನಾ. ಸೋಮೇಶ್ವರರ 'ಥಟ್ ಅಂತ ಹೇಳಿ' 2002ರಲ್ಲಿ ಶುರುವಾಗಿ ಸಾವಿರಗಟ್ಟಲೆ ಕಂತು ಕಂಡಿತು. ಸರಿ ಉತ್ತರಕ್ಕೆ ಬಹುಮಾನ ಒಂದು ಕನ್ನಡ ಪುಸ್ತಕ, ಕೋಟಿ ರೂಪಾಯಿಯಲ್ಲ. ಖಾಸಗಿ ವಾಹಿನಿಯ ಯಾವ ಮ್ಯಾನೇಜರೂ ಒಪ್ಪದ ಲೆಕ್ಕ ಅದು.

ರಾತ್ರಿ ವಾರ್ತೆ ಹೊತ್ತಿಗೆ ಸಾರು ಕುದಿದಿರುತ್ತದೆ. ಬೆಳಿಗ್ಗೆ ಗಂಟೆಗಟ್ಟಲೆ ನೋಡಿದ ಪೆರೇಡ್ ಈಗ ಒಂದೂವರೆ ನಿಮಿಷ. ಬಾವುಟ, ಕುದುರೆ, ಟ್ಯಾಂಕು, ಎರಡು ಸ್ತಬ್ಧಚಿತ್ರ, ವಿಮಾನ, ಮುಗಿಯಿತು. ಲಕ್ಕುಂಡಿಯ ವರ್ಷ ಅಮ್ಮ ಬಡಿಸುತ್ತಿದ್ದ ಸೌಟು ಹಿಡಿದೇ ಬಾಗಿಲಲ್ಲಿ ನಿಂತು ನೋಡಿದಳು.

'ನಮ್ಮದು ತೋರಿಸ್ಲೇ ಇಲ್ವಲ್ಲೇ.'

'ಬೆಳಿಗ್ಗೆ ತೋರ್ಸಿದ್ರಲ್ಲಮ್ಮಾ.'

'ಬೆಳಿಗ್ಗೆ ನಾನು ಬೇಳೆ ಹುಡುಕ್ತಾ ಇದ್ದೆ, ಸ್ಟ್ಯಾಂಡ್ ಕೆಳಗೆ' ಅಂದು ಒಳಗೆ ಹೋದಳು.