ಹಳೆ ವಿಡಿಯೋ ಗೇಮ್ ಪರದೆ ಕೆಟ್ಟರೆ ಎಸೆಯಬೇಡಿ. ಆದರೆ ಸ್ವಿಚ್ ಆಫ್ ಮಾಡಿದ ಕೂಡಲೇ ಕೈಯೂ ಹಾಕಬೇಡಿ

ಶಾಲೆ ಬಿಟ್ಟ ಕೂಡಲೇ ಕೈಯಲ್ಲಿ ಕಾಯಿನ್ ಹಿಡಿದು ವಿಡಿಯೋ ಗೇಮ್ ಅಂಗಡಿಗೆ ಓಡುತ್ತಿದ್ದ ಹುಡುಗರು ಈಗ ಮಕ್ಕಳ ತಂದೆಯರಾಗಿದ್ದಾರೆ. 1980ರ ಪ್ಯಾಕ್‌ಮ್ಯಾನ್, 1991ರ ಸ್ಟ್ರೀಟ್ ಫೈಟರ್ 2 ಆಡಿಸುತ್ತಿದ್ದ ಆ ದೊಡ್ಡ ಪೆಟ್ಟಿಗೆಗಳು ಗುಜರಿಗೆ ಹೋಗುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಪರದೆ ಹತ್ತುವುದಿಲ್ಲ. ಆದರೆ ಪರದೆ ಕಪ್ಪಾದ ಮಾತ್ರಕ್ಕೆ ಪಿಕ್ಚರ್ ಟ್ಯೂಬ್ ಸತ್ತಿದೆ ಎಂದಲ್ಲ. ಎಷ್ಟೋ ಸಲ ಕೆಲವೇ ರೂಪಾಯಿಯ ಕೆಪಾಸಿಟರ್ ಅಥವಾ ಬಿಟ್ಟುಹೋದ ಬೆಸುಗೆ ಅದಕ್ಕೆ ಕಾರಣವಾಗಿರುತ್ತದೆ.

ಊರಿನ ಹವೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಆಂಧ್ರ ಗಡಿಯಲ್ಲಿ ಕನ್ನಡ ಮಾತು ಕೇಳುವ ರಾಯದುರ್ಗ ಮತ್ತು ಮಡಕಶಿರಾವನ್ನೇ ತೆಗೆದುಕೊಳ್ಳಿ. ರಾಯದುರ್ಗ ಅನಂತಪುರ ಜಿಲ್ಲೆಯಲ್ಲಿದೆ. ಅದೇ ಜಿಲ್ಲೆಯಲ್ಲಿದ್ದ ಮಡಕಶಿರಾ 2022ರಲ್ಲಿ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಅದು ಮಳೆ ಕಡಿಮೆ, ಬಿಸಿಲು, ಧೂಳು ಜಾಸ್ತಿ ಇರುವ ಸೀಮೆ. ಅಂಥ ಕಡೆ ಇಟ್ಟ ಮೆಷಿನ್‌ನಲ್ಲಿ ಶಾಖಕ್ಕೆ ಕೆಪಾಸಿಟರ್ ಒಳಗಿನ ದ್ರವ ಬೇಗ ಒಣಗುತ್ತದೆ. ನಮ್ಮ ಕರಾವಳಿಯಲ್ಲಿ ಕಥೆ ಬೇರೆ. ಇಲ್ಲಿ ತೇವಕ್ಕೆ ಕನೆಕ್ಟರ್ ತುಕ್ಕು ಹಿಡಿಯುತ್ತದೆ, ಬೋರ್ಡಿನ ತಾಮ್ರ ಹಸಿರಾಗುತ್ತದೆ. ಆದ್ದರಿಂದ ಮೆಷಿನ್ ಯಾವ ಊರಿಂದ ಬಂತು ಎಂದು ಮೊದಲು ಕೇಳಿ.

ಮೊದಲು ಜೀವ, ಆಮೇಲೆ ರಿಪೇರಿ

ಮೊಬೈಲ್ ರಿಪೇರಿ ಕಲಿತ ನಮ್ಮ ಹುಡುಗರು ಗಮನಿಸಲೇಬೇಕಾದ ವಿಷಯ ಇದು. ಮೊಬೈಲ್ ಬ್ಯಾಟರಿ ಸುಮಾರು 4 ವೋಲ್ಟ್. ಬಣ್ಣದ ಪಿಕ್ಚರ್ ಟ್ಯೂಬಿನ ಆನೋಡ್‌ನಲ್ಲಿ 20,000 ವೋಲ್ಟ್‌ಗೂ ಹೆಚ್ಚು ಇರುತ್ತದೆ. ಟ್ಯೂಬ್ ತಾನೇ ಒಂದು ದೊಡ್ಡ ಕೆಪಾಸಿಟರ್ ಇದ್ದ ಹಾಗೆ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟ್ ಉಳಿದಿರಬಹುದು.

ಅದನ್ನು ಇಳಿಸಲು ಹಿಡಿ ಚೆನ್ನಾಗಿ ಇನ್ಸುಲೇಟ್ ಆಗಿರುವ ಸ್ಕ್ರೂಡ್ರೈವರ್ ಬೇಕು. ಅದರ ಲೋಹದ ಭಾಗಕ್ಕೆ ಒಂದು ವೈರ್ ಕಟ್ಟಿ, ಇನ್ನೊಂದು ತುದಿಯನ್ನು ಟ್ಯೂಬಿನ ಹಿಂಬದಿಯಲ್ಲಿರುವ ಹೆಣೆದ ಅರ್ಥ್ ತಂತಿಗೆ ಕ್ಲಿಪ್ ಮಾಡಿ. ಬೋರ್ಡಿಗೆ ಕ್ಲಿಪ್ ಮಾಡಬೇಡಿ. ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟು, ಇನ್ನೊಂದು ಕೈಯಿಂದ ಸ್ಕ್ರೂಡ್ರೈವರ್ ತುದಿಯನ್ನು ಆನೋಡಿನ ರಬ್ಬರ್ ಕಪ್ ಕೆಳಗೆ ತೂರಿಸಿ. 'ಟಪ್' ಎಂದು ಸದ್ದಾಗಬಹುದು. ಕೆಲವು ನಿಮಿಷ ಬಿಟ್ಟು ಮತ್ತೊಮ್ಮೆ ಹೀಗೇ ಮಾಡಿ, ಏಕೆಂದರೆ ಸ್ವಲ್ಪ ಚಾರ್ಜ್ ಮರಳಿ ಬರುತ್ತದೆ. ಪವರ್ ಸಪ್ಲೈಯ ದೊಡ್ಡ ಕೆಪಾಸಿಟರನ್ನೂ ಮೀಟರ್ ಇಟ್ಟು ನೋಡಿ. 230 ವೋಲ್ಟ್ ಎಸಿ ನೇರವಾಗಿ ಡಿಸಿ ಆದರೆ ಅಲ್ಲಿ ಸುಮಾರು 325 ವೋಲ್ಟ್ ಇರುತ್ತದೆ. ಟ್ಯೂಬಿನ ಕುತ್ತಿಗೆ ಬಹಳ ನಾಜೂಕು, ಹಾಗಾಗಿ ಕಣ್ಣಿಗೆ ಕನ್ನಡಕ ಇರಲಿ.

ಇನ್ನೊಂದು ಮಾತು. ಹಳೆಯ ಅಮೆರಿಕನ್, ಜಪಾನಿ ಮಾನಿಟರ್‌ಗಳಲ್ಲಿ ಹಲವು 100ರಿಂದ 120 ವೋಲ್ಟ್‌ನವು. ಅವುಗಳ ಚಾಸಿಸ್‌ನಲ್ಲೇ ಕರೆಂಟ್ ಇರಬಹುದು. ಅವಕ್ಕೆ ವೋಲ್ಟೇಜ್ ಇಳಿಸಿದರೆ ಮಾತ್ರ ಸಾಲದು, ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಆಟೋ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಶಾಕ್‌ನಿಂದ ಕಾಪಾಡುವುದಿಲ್ಲ.

ಪರದೆಯೇ ರೋಗ ಹೇಳುತ್ತದೆ

ಗೇಮಿನ ಸದ್ದು ಬರುತ್ತಿದೆ, ಪರದೆ ಕಪ್ಪು ಎಂದಾದರೆ ಟ್ಯೂಬಿನ ಕುತ್ತಿಗೆಯಲ್ಲಿ ಕಿತ್ತಳೆ ಬಣ್ಣದ ಬೆಳಕು ಇದೆಯೇ ನೋಡಿ. ಇದ್ದರೆ ಹೀಟರ್ ಉರಿಯುತ್ತಿದೆ. ಸ್ಕ್ರೀನ್ ಕಂಟ್ರೋಲನ್ನು ಚೂರು ಏರಿಸಿದಾಗ ಬಿಳಿ ಗೆರೆಗಳು ಬಂದರೆ ಟ್ಯೂಬ್ ಬದುಕಿದೆ, ಗೇಮ್ ಬೋರ್ಡಿನಿಂದ ಸಿಗ್ನಲ್ ಬರದೇ ಇರಬಹುದು. ನೋಡಿ ಆದ ಮೇಲೆ ಕಂಟ್ರೋಲನ್ನು ಮೊದಲಿನ ಜಾಗಕ್ಕೇ ತನ್ನಿ.

ಬೆಳಕೇ ಇಲ್ಲ, ಫ್ಯೂಸ್ ಪದೇ ಪದೇ ಹೋಗುತ್ತಿದೆ ಎಂದರೆ ಲೈನ್ ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿರಬಹುದು, ಇಲ್ಲವೇ ಎಲ್‌ಒಟಿ ಹೋಗಿರಬಹುದು. ದೊಡ್ಡ ಫ್ಯೂಸ್ ಹಾಕಿ ಓಡಿಸುವ ಕೆಲಸ ಬೇಡ.

ನಡುವೆ ಒಂದೇ ಅಡ್ಡ ಗೆರೆ ಬಂದರೆ ವರ್ಟಿಕಲ್ ಸರ್ಕ್ಯೂಟ್ ಕೆಟ್ಟಿದೆ. ಗೆರೆ ನಿಂತಿದ್ದರೆ ತಕ್ಷಣ ಬ್ರೈಟ್‌ನೆಸ್ ಇಳಿಸಿ, ಇಲ್ಲದಿದ್ದರೆ ಪರದೆಯ ಫಾಸ್ಫರ್ ಲೇಪ ಸುಟ್ಟು ಕಲೆ ಉಳಿಯುತ್ತದೆ. ಚಿತ್ರ ಕುಗ್ಗಿದ್ದರೆ, ಅಂಚು ಮಡಚಿದ್ದರೆ, ಅಲುಗಾಡಿದರೆ ಹೆಚ್ಚಾಗಿ ಒಣಗಿದ ಕೆಪಾಸಿಟರ್ ಕಾರಣ. ಒಂದೇ ಬಣ್ಣ ಇಲ್ಲದಿದ್ದರೆ ಆ ಬಣ್ಣದ ವೈರ್ ಮತ್ತು ಕುತ್ತಿಗೆಯ ಬೋರ್ಡಿನ ಬೆಸುಗೆ ನೋಡಿ. ಚಿತ್ರ ಉರುಳುತ್ತಿದ್ದರೆ ಸಿಂಕ್ ವೈರ್ ಪರೀಕ್ಷಿಸಿ.

ಕೆಪಾಸಿಟರ್ ಬದಲಿಸುವಾಗ ಮೈಕ್ರೋಫ್ಯಾರಡ್ ಅಷ್ಟೇ ಇರಲಿ. ವೋಲ್ಟ್ ಅಷ್ಟೇ ಇರಬಹುದು, ಹೆಚ್ಚೂ ಇರಬಹುದು, ಕಡಿಮೆ ಮಾತ್ರ ಆಗಬಾರದು. 105 ಡಿಗ್ರಿಯದ್ದು ಸಿಕ್ಕರೆ ಅದನ್ನೇ ಹಾಕಿ. ಪ್ಲಸ್, ಮೈನಸ್ ಅದಲುಬದಲಾದರೆ ಅದು ಸಿಡಿಯುತ್ತದೆ. ರಿಪೇರಿ ಆದ ಮೇಲೆ ಮೊದಲ ಸಲ ಆನ್ ಮಾಡುವಾಗ 100 ವ್ಯಾಟಿನ ಹಳೇ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ. ಬಲ್ಬ್ ಒಮ್ಮೆ ಹೊಳೆದು ಮಂದವಾದರೆ ಸರಿ. ಪೂರ್ತಿ ಬೆಳಗುತ್ತಲೇ ಇದ್ದರೆ ಒಳಗೆ ಇನ್ನೂ ಶಾರ್ಟ್ ಇದೆ.

ಗುರು ಪಕ್ಕದ ಅಂಗಡಿಯಲ್ಲೇ ಇದ್ದಾರೆ

ಇದಕ್ಕೆ ವಿದೇಶಿ ತಜ್ಞರು ಬೇಕಿಲ್ಲ. ನಮ್ಮ ಹಳೆಯ ಪಾಲ್ ಟಿವಿ ಪರದೆಯ ಮೇಲೆ ಸೆಕೆಂಡಿಗೆ 15,625 ಗೆರೆ ಎಳೆಯುತ್ತಿತ್ತು. ಹೆಚ್ಚಿನ ಹಳೆ ಗೇಮ್ ಮಾನಿಟರ್‌ಗಳೂ ಅದರ ಹತ್ತಿರವೇ ಓಡುತ್ತವೆ. ಅಂದರೆ ಹಳೆಯ ಟಿವಿ ಮೆಕ್ಯಾನಿಕ್ ಒಬ್ಬರಿಗೆ ಇದು ಹೊಸ ವಿದ್ಯೆಯಲ್ಲ. ಬಿಡಿಭಾಗ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಇನ್ನೂ ಹುಡುಕಬಹುದು. ಆದರೆ ಆ ಮೆಕ್ಯಾನಿಕ್‌ಗಳಿಗೆ ವಯಸ್ಸಾಗುತ್ತಿದೆ, ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಅವರು ಕೈಬೆರಳಲ್ಲಿ ಕಲಿತದ್ದು ಅವರೊಂದಿಗೇ ಹೋಗಬಾರದು.

ಆದ್ದರಿಂದ ಯುವಕರಿಗೆ ಹೇಳುವುದಿಷ್ಟೆ: ಪಿಕ್ಚರ್ ಟ್ಯೂಬನ್ನು ಮೊದಲ ಸಲ ಒಬ್ಬರೇ ಬಿಚ್ಚಬೇಡಿ. ನಿಮ್ಮೂರಿನ ಹಳೆ ಟಿವಿ ಮೆಕ್ಯಾನಿಕ್ ಪಕ್ಕದಲ್ಲಿ ಕೂತು, ಅವರು ಚಾರ್ಜ್ ಇಳಿಸುವುದನ್ನು ಕಣ್ಣಾರೆ ನೋಡಿ ಕಲಿಯಿರಿ. ಉಳಿದದ್ದನ್ನೆಲ್ಲ ನಿಧಾನಕ್ಕೆ ಕಲಿಯಬಹುದು.